ಬೀಜ ಮನೆ ಬಿಟ್ಟು ಹೋದದ್ದು ಯಾವಾಗ?

ಟೆರೇಸ್ ಮೇಲೆ ಕೈತೋಟ ಮಾಡುವ ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಹೋಗುವ ದಾರಿ ನಿಮಗೂ ಗೊತ್ತು. ಕೋಕೋಪೀಟ್ ಎಷ್ಟು, ಗೊಬ್ಬರ ಎಷ್ಟು? ಮೊಟ್ಟೆ ಟ್ರೇಯಲ್ಲಿ ಸಸಿ ಏಳಿಸಬಹುದಾ? ಚೆನ್ನಾಗಿ ಮೊಳೆತ ಟೊಮೆಟೊ ಸಸಿ ಮಾರನೇ ದಿನ ಬುಡ ಕೊಳೆತು ಮಲಗಿತಲ್ಲ, ಯಾಕೆ? (ನೀರು ಜಾಸ್ತಿ, ಗಾಳಿ ಕಡಿಮೆ. ಹತ್ತರಲ್ಲಿ ಒಂಬತ್ತು ಸಲ ಅದೇ ಕಾರಣ.) ಈ ಮಾತುಕತೆಯಲ್ಲಿ ಬಹಳ ಅಪರೂಪಕ್ಕೆ ಬರುವ ಪ್ರಶ್ನೆ ಒಂದಿದೆ: ಬೀಜ ಎಲ್ಲಿಂದ ತಂದಿರಿ? ಉತ್ತರ ಎಲ್ಲರಿಗೂ ಒಂದೇ ಆದ್ದರಿಂದ ಯಾರೂ ಕೇಳುವುದಿಲ್ಲ. ಪ್ಯಾಕೆಟ್‌ನಿಂದ, ಮತ್ತೆಲ್ಲಿಂದ?

ಮನುಷ್ಯ ಬೇಸಾಯ ಮಾಡಿದ ಇಷ್ಟೂ ಕಾಲವನ್ನು ಒಂದು ದಿನ ಅಂದುಕೊಂಡರೆ, ಬೀಜವನ್ನು ಪ್ಯಾಕೆಟ್‌ನಲ್ಲಿ ಕೊಂಡು ತಂದದ್ದು ಕೊನೆಯ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಬೀಜ ಮನೆಯೊಳಗೇ ಇತ್ತು. ಅದು ಯಾವಾಗ ಹೊಸ್ತಿಲು ದಾಟಿತು, ಹೋಗುವಾಗ ಜೊತೆಗೆ ಏನನ್ನು ಒಯ್ದಿತು ಅನ್ನೋದನ್ನ ನನಗೆ ಗೊತ್ತಿರುವ ಸೀಮೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಆ ಸೀಮೆ ಜೋಗಿಮಟ್ಟಿಯ ಸುತ್ತಲಿನದು. ಚಿತ್ರದುರ್ಗದ ಕೋಟೆ ನೋಡಲು ಹೋದವರು ದಕ್ಷಿಣಕ್ಕೆ ತಿರುಗಿದರೆ ಕಾಣುವ ಹಸಿರು ಗುಡ್ಡಸಾಲು ಅದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ತಾಲ್ಲೂಕು ಈ ಕಾಡಿಗೆ ಬೆನ್ನು ಕೊಟ್ಟು ಕೂತಿವೆ. ಮೇಲೆ ಹೋದರೆ ನಿಂತವರನ್ನು ತಳ್ಳುವಂಥ ಗಾಳಿ. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇರುತ್ತವೆ. ಕೆಳಗೆ ಇಳಿದರೆ ಮಳೆಗೆ ಬಾಯಿ ಬಿಟ್ಟ ಹೊಲ. ಹೊಳಲ್ಕೆರೆ ಕಡೆ ಒಂದಷ್ಟು ಅಡಿಕೆ, ಹೊಸದುರ್ಗದ ಕಡೆ ತೆಂಗು. ನೀವು ಸಸಿ ಏಳಿಸುವ ಕೋಕೋಪೀಟ್ ಇಂಥ ತೆಂಗಿನ ಸೀಮೆಯ ಮಟ್ಟೆಯ ಪುಡಿಯೇ. ಉಳಿದದ್ದು ರಾಗಿ, ಸಾವೆ, ನವಣೆ, ಹುರುಳಿ, ಕಡಲೆಕಾಯಿ, ಈರುಳ್ಳಿಯ ನೆಲ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ಅದು ಮೊದಲ ಸಲ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ 2022ರಲ್ಲಿ. ನಡುವೆ 89 ವರ್ಷ! ಇಂಥ ಕಡೆ ಬೀಜ ಅಂದರೆ ಹವ್ಯಾಸವಲ್ಲ. ಬಿತ್ತಿದ್ದು ಒಣಗಿದರೆ ಮತ್ತೆ ಬಿತ್ತಲು ಇನ್ನೊಂದು ಹಿಡಿ ಮನೆಯಲ್ಲಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಮುಂದಿನ ವರ್ಷದ ಊಟ ನಿಂತಿರುತ್ತಿತ್ತು.

ಎಷ್ಟು ಹಳೆಯ ಕಥೆ ಇದು? ಕೋಟೆಯ ಬುಡದಲ್ಲೇ ಚಂದ್ರವಳ್ಳಿ ಇದೆ. 1929ರಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ಅಲ್ಲಿ ಉತ್ಖನನ ಮಾಡಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲೂ, ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಗೆದರು. ಶಾತವಾಹನರ ನಾಣ್ಯ, ರೋಮನ್ ನಾಣ್ಯ, ನಯ ಮಾಡಿದ ಕಲ್ಲಿನ ಕೊಡಲಿ, ಮಡಕೆ ಚೂರು, ಎಲ್ಲ ಸಿಕ್ಕವು. ಆದರೆ ಆ ಮಡಕೆಯಲ್ಲಿ ಬೇಯುತ್ತಿದ್ದುದು ಏನು ಅಂತ ಹುಡುಕುವ ಪದ್ಧತಿ ಆಗಿನ್ನೂ ಇಲ್ಲಿ ಬಂದಿರಲಿಲ್ಲ.

ಅದು ಬಂದದ್ದು ಬಹಳ ತಡವಾಗಿ. ವಿಧಾನ ತೀರಾ ಸರಳ. ಅಗೆದ ಮಣ್ಣನ್ನು ನೀರಿಗೆ ಸುರಿದು ಕದಡುತ್ತಾರೆ. ಮಣ್ಣು ಕೆಳಗೆ ಕೂರುತ್ತದೆ, ಸುಟ್ಟು ಕರಿಕಾದ ಕಾಳುಗಳು ಹಗುರಾಗಿ ಮೇಲೆ ತೇಲುತ್ತವೆ. ಅವನ್ನು ಸೋಸಿ ಸೂಕ್ಷ್ಮದರ್ಶಕದಡಿ ಇಟ್ಟು ಯಾವ ಬೆಳೆ ಎಂದು ಗುರುತಿಸುತ್ತಾರೆ. ಬಿತ್ತುವ ಮುಂಚೆ ಬೀಜವನ್ನು ನೀರಿಗೆ ಹಾಕಿ, ತೇಲಿದ್ದನ್ನು ಜೊಳ್ಳು ಅಂತ ಚೆಲ್ಲುತ್ತೀವಲ್ಲ, ಅದರ ತಿರುಗುಮುರುಗು. ಡೋರಿಯನ್ ಫುಲ್ಲರ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಜೊತೆಗಾರರು ಬಳ್ಳಾರಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರಿನಂಥ ಕಡೆಗಳ ಮಣ್ಣನ್ನು ಹೀಗೆ ತೇಲಿಸಿ ನೋಡಿದರು. ಸುಮಾರು 4000 ವರ್ಷ ಹಿಂದಿನ ನಮ್ಮ ಒಣಸೀಮೆಯ ಅಡುಗೆಮನೆ ತೆರೆದುಕೊಂಡಿತು. ಮುಖ್ಯವಾಗಿ ಅಲ್ಲಿದ್ದವು ನಾಲ್ಕು: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಸಂಬಂಧಿಯಾದ ಒಂದು ಹುಲ್ಲಿನ ಕಾಳು.

ಹುರುಳಿ ನಿಮ್ಮ ಮನೆಯ ಡಬ್ಬದಲ್ಲೂ ಇದೆ. ಕೊರಲೆ ಈಗ ಸಿರಿಧಾನ್ಯದ ಅಂಗಡಿಯಲ್ಲಿ ಸಿಗುತ್ತದೆ. ಅಂದರೆ ಆ ಕಾಲದ ಬೀಜ ಎರಡು ರೀತಿಯಲ್ಲಿ ನಮ್ಮ ತನಕ ಬಂದಿದೆ. ಕೆಲವು ಕಾಳು ಒಲೆಯ ಬೆಂಕಿಗೆ ಬಿದ್ದು ಕರಿಕಾಗಿ ಮಣ್ಣಿನಲ್ಲಿ ಉಳಿದವು. ಅವು ಹಾಗೇ ಇವೆ, ಆದರೆ ಎಂದಿಗೂ ಮೊಳೆಯುವುದಿಲ್ಲ. ಇನ್ನು ಕೆಲವನ್ನು ಯಾರೋ ತಿನ್ನದೆ ಎತ್ತಿಟ್ಟು ಮರುವರ್ಷ ಬಿತ್ತಿದರು. ಅದರ ಮರುವರ್ಷವೂ ಬಿತ್ತಿದರು. ಅವುಗಳಲ್ಲಿ ಒಂದು ಕಾಳೂ ಈಗಿಲ್ಲ, ಆದರೆ ಬೆಳೆ ಇದೆ. ಬೀಜ ಉಳಿದದ್ದು ಬಿತ್ತಿದ್ದರಿಂದ. ಹುರುಳಿಯ ಒಂದು ಕಾಳಿನ ಹಿಂದೆ ಸಾವಿರಾರು ಮುಂಗಾರುಗಳಿವೆ, ಅಷ್ಟರಲ್ಲಿ ಒಂದು ಸಲವೂ ಸರಪಳಿ ತುಂಡಾಗಿಲ್ಲ.

ಇಷ್ಟು ಓದಿ ‘ನಮ್ಮ ಬೀಜ, ನಮ್ಮ ನೆಲ’ ಅಂತ ಎದೆ ಉಬ್ಬಿಸುವ ಮುಂಚೆ ಒಂದು ಮಾತು. ನಮ್ಮ ಮುದ್ದೆಯ ರಾಗಿ ಆಫ್ರಿಕಾದ್ದು. ಜೋಳವೂ ಅಲ್ಲಿಯದೇ. ಚಳ್ಳಕೆರೆಯಲ್ಲಿ ಅಷ್ಟೊಂದು ಎಣ್ಣೆ ಮಿಲ್ಲು ಹುಟ್ಟಿಸಿದ ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿ, ಟೊಮೆಟೊ ಕೂಡ ಅದೇ ಖಂಡದ ಕಡೆಯಿಂದ ಸಮುದ್ರ ದಾಟಿ ಬಂದವು. ಚಿತ್ರದುರ್ಗದ ಗುಡ್ಡಗಳಲ್ಲಿ ಯಾರೂ ನೆಡದೆ ತಾನೇ ತಾನಾಗಿ ಬೆಳೆಯುವ ಸೀತಾಫಲ, ಹೆಸರಿನಲ್ಲೇ ಸೀತೆಯನ್ನು ಇಟ್ಟುಕೊಂಡಿದ್ದರೂ, ಅಮೆರಿಕದ ಹಣ್ಣು. ತಿಂದವರು ಉಗಿದ ಬೀಜವೇ ಗುಡ್ಡ ಹತ್ತಿತು. ಹಾಗಾಗಿ ‘ನಾಟಿ’ ಅನ್ನುವುದಕ್ಕೆ ಹುಟ್ಟಿದ ಊರಿನ ಲೆಕ್ಕ ಹಾಕಿದರೆ ಕೈಗೆ ಹೆಚ್ಚೇನೂ ಉಳಿಯುವುದಿಲ್ಲ. ಒಂದು ಬೀಜವನ್ನು ಇಲ್ಲಿಯವರು ವರ್ಷವರ್ಷವೂ ಆರಿಸಿ, ಒಣಗಿಸಿ, ಬಿತ್ತುತ್ತ ಬಂದರೆ ಅದು ಇಲ್ಲಿಯ ಮಳೆಗೆ, ಇಲ್ಲಿಯ ಗಾಳಿಗೆ ಒಗ್ಗಿ ನಾಟಿಯಾಗುತ್ತದೆ.

ಆ ಆರಿಸುವ, ಒಣಗಿಸುವ ಕೆಲಸ ನಡೆಯುತ್ತಿದ್ದುದು ಎಲ್ಲಿ? ಅಡುಗೆಮನೆಯಲ್ಲಿ, ಅಟ್ಟದಲ್ಲಿ, ಹೆಂಗಸರ ಕೈಯಲ್ಲಿ. ಊಟದ ಕಾಳು ವಾಡೆಗೆ, ಗುಡಾಣಕ್ಕೆ, ನೆಲದೊಳಗಿನ ಹಗೇವಿಗೆ ಹೋಗುತ್ತಿತ್ತು. ಬೀಜದ ಕಾಳಿಗೆ ಬೇರೆ ಜಾಗ. ಹೊಲದಲ್ಲೇ ಒಳ್ಳೆ ತೆನೆ ನೋಡಿ, ಬೇರೆ ಕಟ್ಟಿ, ಬೇರೆ ಬಡಿದು, ಬಿಸಿಲಿಗೆ ಹರವಿ, ಬೂದಿ ಬೆರೆಸಿ, ಬೇವಿನ ಎಲೆ ಹಾಕಿ, ಒಣ ಸೋರೆಬುರುಡೆಗೋ ಮಡಕೆಗೋ ತುಂಬಿ ಬಾಯಿಗೆ ಸಗಣಿ ಮೆತ್ತುತ್ತಿದ್ದರು. ಹೀರೆಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಒಳಗೆ ಬೀಜ ಗಿಲಿಗಿಲಿ ಅನ್ನುವಾಗ ತಂದು ಜಂತೆಗೆ ನೇತುಹಾಕುತ್ತಿದ್ದರು. ಸೌತೆ, ಕುಂಬಳದ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುತ್ತಿದ್ದರು. ನಮ್ಮಜ್ಜಿಯ ಅಡುಗೆಮನೆಯಲ್ಲಿ ಅಂಥ ಗೋಡೆ ಇತ್ತು. ಕೈ ಹಾಕಿದರೆ “ಬೀಜದ್ ಕಣೋ, ಮುಟ್ಬ್ಯಾಡ” ಅಂತ ಬೈಗುಳ. ಹಬ್ಬದ ಉಂಡೆ ಕದ್ದರೂ ಅಷ್ಟು ಬೈಯುತ್ತಿರಲಿಲ್ಲ.

ಇದರಲ್ಲಿ ವಿಜ್ಞಾನ ಇದೆಯಾ ಅಂತ ಕೇಳಿದರೆ, ಧಾರಾಳವಾಗಿ ಇದೆ. ಬೀಜದ ದೊಡ್ಡ ಶತ್ರು ತೇವ. ಬೀಜ ಸಂಗ್ರಹಣೆಯ ಪಾಠದಲ್ಲಿ ಹ್ಯಾರಿಂಗ್ಟನ್ ಸೂತ್ರ ಅಂತ ಒಂದಿದೆ: ಬೀಜದೊಳಗಿನ ತೇವ ಶೇಕಡಾ 1ರಷ್ಟು ಇಳಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಎರಡು ಪಟ್ಟು, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಇಳಿದರೂ ಹಾಗೇ. ಬೂದಿ ತೇವ ಹೀರುತ್ತದೆ, ಹುಳದ ಮೈಗೆ ತಾಗಿ ಅದನ್ನು ಒಣಗಿಸುತ್ತದೆ. ಒಲೆಯ ಹತ್ತಿರದ ಗೋಡೆ, ಹೊಗೆಯಾಡುವ ಜಂತೆ ಸದಾ ಒಣ. ಸೂತ್ರ ಗೊತ್ತಿರಲಿಲ್ಲ, ಮನೆಯಲ್ಲಿ ಯಾವ ಮೂಲೆ ಒಣಗಿರುತ್ತದೆ ಅಂತ ಗೊತ್ತಿತ್ತು.

ಬಿತ್ತುವ ಮುಂಚೆ ಪರೀಕ್ಷೆಯೂ ಇತ್ತು. ನವರಾತ್ರಿಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಘಟದ ಸುತ್ತ ಮಣ್ಣು ಹಾಕಿ ಕಾಳು ಚೆಲ್ಲಿ ಒಂಬತ್ತು ದಿನ ಮೊಳಕೆ ಬರಿಸುತ್ತಾರೆ. ಮದುವೆ, ಜಾತ್ರೆಗಳಲ್ಲಿ ನವಧಾನ್ಯದ ಅಂಕುರ ಇಡುವ ರೂಢಿ ನಾಡಿನ ತುಂಬ ಇದೆ. ದೇವರ ಕೆಲಸ ಅನ್ನುವುದರ ಜೊತೆಗೆ ಯಾವ ಕಾಳು ಚೆನ್ನಾಗಿ ಮೊಳೆಯಿತು, ಯಾವುದು ಮೊಳೆಯಲಿಲ್ಲ ಅಂತ ಮನೆಮಂದಿಯೆಲ್ಲ ಕಣ್ಣಾರೆ ನೋಡುವ ಸಂದರ್ಭ ಅದು. ನಾವು ಒದ್ದೆ ಟಿಶ್ಯೂ ಪೇಪರಿನಲ್ಲಿ ಹತ್ತು ಬೀಜ ಸುತ್ತಿಟ್ಟು ಎಣಿಸುತ್ತೀವಲ್ಲ, ಅದನ್ನೇ ಅವರು ಅರಿಶಿನ ಕುಂಕುಮ ಹಚ್ಚಿ ಮಾಡುತ್ತಿದ್ದರು.

ಬೀಜಕ್ಕೆ ಅಷ್ಟೊಂದು ಕಾವಲು ಯಾಕೆ ಅನ್ನೋದು ಬರಗಾಲದ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷದ 55 ಸಾವಿರ. ಹತ್ತು ವರ್ಷದ ನಂತರ, 1881ರಲ್ಲಿ, 41 ಲಕ್ಷದ 86 ಸಾವಿರ. ನಡುವೆ ಬಂದದ್ದು 1876–78ರ ಮಹಾ ಬರ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆ ಸುಮಾರು ಒಂಬತ್ತು ಲಕ್ಷ ಇಳಿಯಿತು. ಹೆಚ್ಚು ಪೆಟ್ಟು ತಿಂದದ್ದು ಪೂರ್ವದ ಒಣ ಸೀಮೆಗಳು. ಅಂಥ ವರ್ಷದಲ್ಲಿ ಒಂದು ಮನೆ ಎದುರಿಸಿದ ಪ್ರಶ್ನೆಯನ್ನು ಊಹಿಸಿ. ಮಕ್ಕಳು ಹಸಿದಿವೆ. ಸೋರೆಬುರುಡೆಯಲ್ಲಿ ನಾಲ್ಕು ಸೇರು ರಾಗಿ ಇದೆ. ಇವತ್ತು ತಿಂದರೆ ನಾಲ್ಕು ದಿನ ಬದುಕು, ಮಳೆ ಬಂದ ದಿನ ಕೈ ಖಾಲಿ. ಎಷ್ಟೋ ಮನೆಗಳು ತಿಂದಿರಲೇಬೇಕು, ಅವರನ್ನು ದೂರಲು ನಾವು ಯಾರು? ಆದರೂ ಆ ಬರದ ಆಚೆಗೆ ರಾಗಿ, ಸಾವೆ, ಹುರುಳಿ ದಾಟಿ ಬಂದಿವೆ. ಎಲ್ಲೋ ಕೆಲವರು ತಿನ್ನದೆ ಇಟ್ಟಿದ್ದರು. ಬೀಜ ಕಳೆದುಕೊಂಡವರು ಇಟ್ಟುಕೊಂಡವರ ಮನೆಗೆ ಸೆರಗೊಡ್ಡಿ ಹೋದರು.

ಇದೇ ಪ್ರಶ್ನೆಯನ್ನು ಎರಡನೇ ಮಹಾಯುದ್ಧದ ಲೆನಿನ್‌ಗ್ರಾಡ್ ಎದುರಿಸಿತು. 1941ರಿಂದ 1944ರವರೆಗೆ ಜರ್ಮನ್ ಸೇನೆ ನಗರವನ್ನು ಮುತ್ತಿದ್ದಾಗ, ನಿಕೊಲಾಯ್ ವಾವಿಲೋವ್ ಕಟ್ಟಿದ ಬೀಜ ಸಂಗ್ರಹಾಲಯದ ವಿಜ್ಞಾನಿಗಳು ಗೋಧಿ, ಅಕ್ಕಿ, ಕಾಳುಗಳ ಚೀಲಗಳ ನಡುವೆ ಕೂತು ಹಸಿವಿನಿಂದ ಸತ್ತರು. ತಿನ್ನಲಿಲ್ಲ. ವಾವಿಲೋವ್ ತಾನೂ 1943ರಲ್ಲಿ ಸ್ಟಾಲಿನ್ ಸರ್ಕಾರದ ಸೆರೆಮನೆಯಲ್ಲಿ ಅನ್ನವಿಲ್ಲದೆ ತೀರಿಕೊಂಡರು. ಲೆನಿನ್‌ಗ್ರಾಡಿನ ಕಥೆಗೆ ಪುಸ್ತಕಗಳಿವೆ. ನಮ್ಮ ಒಣಸೀಮೆಯ ಹೆಂಗಸರು ಅದೇ ಕೆಲಸ ಮಾಡಿದ್ದಕ್ಕೆ ಇರುವ ದಾಖಲೆ ಅಂದರೆ ಬೆಳೆಯೇ.

ಇಂಥ ಕಾವಲಿದ್ದ ಬೀಜ ಮನೆ ಬಿಟ್ಟದ್ದು ಬಲವಂತದಿಂದ ಅಲ್ಲ, ಒಳ್ಳೆಯ ಕಾರಣಕ್ಕೇ. ಮೊದಲು ಬಂದವು ಸಂಶೋಧನಾ ಕೇಂದ್ರಗಳ ತಳಿಗಳು. ಅವು ಮನೆಯ ವ್ಯವಸ್ಥೆಯನ್ನು ಕೆಡಿಸಲಿಲ್ಲ. 1940ರಲ್ಲಿ ತಮಿಳುನಾಡಿನ ಟಿಂಡಿವನಂ ಕೇಂದ್ರದಿಂದ ಹೊರಬಂದ ಟಿಎಂವಿ-2 ಕಡಲೆಕಾಯಿಯನ್ನೇ ನೋಡಿ. ಕಡಲೆ ಗಿಡ ತನ್ನ ಹೂವಿನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ, ಹಾಗಾಗಿ ಮಗಳು ತಾಯಿಯಂತೆಯೇ. ಒಂದು ಸಲ ತಂದವರು ವರ್ಷವರ್ಷ ಇಟ್ಟು ಬಿತ್ತಿದರು, ನೆಂಟರಿಗೆ ಕೊಟ್ಟರು. ಪ್ರಯೋಗಾಲಯದ ಕೂಸು ಸಲೀಸಾಗಿ ಮನೆಯ ಬೀಜವಾಯಿತು.

ದಾರಿ ತಿರುಗಿದ್ದು 1960ರ ದಶಕದಲ್ಲಿ. 1963ರಲ್ಲಿ ರಾಷ್ಟ್ರೀಯ ಬೀಜ ನಿಗಮ, 1966ರಲ್ಲಿ ಬೀಜ ಕಾಯ್ದೆ. 1965ರಲ್ಲಿ ಬೆಂಗಳೂರಿನಲ್ಲಿ ಮನಮೋಹನ್ ಅತ್ತಾವರ್ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರುಮಾಡಿದರು. ಆ ಕಂಪನಿ 1973ರಲ್ಲಿ ಹೊರತಂದ ಹೈಬ್ರಿಡ್ ಟೊಮೆಟೊಗೆ ಇಟ್ಟ ಹೆಸರೇ ‘ಕರ್ನಾಟಕ’. ಅದಕ್ಕೆ ಒಂದು ವರ್ಷ ಮುಂಚೆ, 1972ರಲ್ಲಿ, ಧಾರವಾಡದಿಂದ ವರಲಕ್ಷ್ಮಿ ಹತ್ತಿ ಬಂದಿತ್ತು. ಹೈಬ್ರಿಡ್ ಅಂದರೆ ಎರಡು ಬೇರೆ ತಾಯ್ತಂದೆ ಸಾಲುಗಳನ್ನು ಪ್ರತಿ ಸಲವೂ ಕೂಡಿಸಿ ಪಡೆಯುವ ಬೀಜ. ರಾಣೆಬೆನ್ನೂರಿನ ಸುತ್ತ ಇಂದಿಗೂ ಈ ಕೆಲಸ ಕೈಯಲ್ಲೇ ನಡೆಯುತ್ತದೆ. ಅರಳುವ ಮುಂಚೆಯೇ ಹೂವಿನ ಗಂಡುಭಾಗವನ್ನು ಚಿಮುಟದಲ್ಲಿ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸುತ್ತಾರೆ. ಒಂದೊಂದು ಹೂವಿಗೂ ಒಬ್ಬ ಮನುಷ್ಯನ ಬೆರಳು. ಇಳುವರಿ ಜಾಸ್ತಿ, ಹಣ್ಣು ಒಂದೇ ಸಮ, ಲಾರಿ ಪ್ರಯಾಣ ತಡೆಯುತ್ತದೆ. ನಮ್ಮ ಕಡೆಯವರು ಅದನ್ನು ಕೊಂಡದ್ದು ಮೋಸ ಹೋಗಿ ಅಲ್ಲ, ಲೆಕ್ಕ ಹಾಕಿಯೇ.

ಆದರೆ ಆ ಪ್ಯಾಕೆಟ್ಟಿನ ಮೇಲೆ ಸಣ್ಣಕ್ಷರದಲ್ಲಿರುವ ಎಫ್-1 ಅನ್ನುವುದಕ್ಕೆ ಒಂದು ಅರ್ಥವಿದೆ: ಇದು ಮೊದಲ ತಲೆಮಾರು, ಎರಡನೆಯದರ ಭರವಸೆ ಇಲ್ಲ. ಅದರ ಹಣ್ಣಿನ ಬೀಜ ಬಿತ್ತಿದರೆ ಖಂಡಿತ ಮೊಳೆಯುತ್ತದೆ, ಬಂಜೆ ಅನ್ನುವುದು ಸುಳ್ಳು. ಆದರೆ ಹತ್ತು ಗಿಡ ಹತ್ತು ಥರ ಬರುತ್ತವೆ. ಒಂದು ಅಜ್ಜನ ಹಾಗೆ, ಒಂದು ಯಾರ ಹಾಗೂ ಇಲ್ಲ. ಹೊಲ ನಂಬಿದವರಿಗೆ ಅದು ಆಗದ ಮಾತು. ಹಾಗಾಗಿ ಪ್ರತಿ ಮುಂಗಾರಿಗೂ ಅಂಗಡಿಗೆ ಹೋಗಬೇಕು. ಬೀಜ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನಿಸುವ ಅಧಿಕಾರ ಅಟ್ಟದಿಂದ ಇಳಿದು ಕೌಂಟರ್ ಹಿಂದೆ ಹೋಗಿ ಕೂತಿತು. ಬೀಜದ ಜೊತೆ ಹೊಸ್ತಿಲು ದಾಟಿದ್ದು ಇದೇ ಅಧಿಕಾರ. ಒಂದೆರಡು ತಲೆಮಾರಿನಲ್ಲಿ ಯಾವ ತೆನೆ ಎತ್ತಿಡಬೇಕು ಅನ್ನುವ ಕಣ್ಣೂ ಮಂಜಾಯಿತು.

ಇದನ್ನು ರಸ್ತೆಗೆ ತಂದು ಕೇಳಿದ್ದೂ ಕರ್ನಾಟಕವೇ. 1992ರ ಡಿಸೆಂಬರ್ 29ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರಾಜ್ಯ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಸೀಡ್ಸ್ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿಯ ಬೀಜ ಘಟಕವನ್ನು ಕೆಡವಿದರು. ಆ ದಾರಿ ಸರಿಯೋ ತಪ್ಪೋ ಅಂತ ಇವತ್ತೂ ಜಗಳ ಮಾಡಬಹುದು. ಅವರು ಎತ್ತಿದ್ದ ಪ್ರಶ್ನೆ ಮಾತ್ರ ಕಾನೂನಿನ ಪುಸ್ತಕಕ್ಕೆ ಬಂತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತರು ತಾವು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹೆಸರು ಹಾಕದೆ ಮಾರಲೂಬಹುದು. ಸಂರಕ್ಷಿತ ತಳಿಯಾದರೂ ಸರಿ.

ಹಕ್ಕು ಕಾಗದದ ಮೇಲಿದೆ. ಆದರೆ ಬಿತ್ತದೇ ಹೋದರೆ ಹಕ್ಕಿನಿಂದ ಬೀಜ ಉಳಿಯುವುದಿಲ್ಲ. ಇದಕ್ಕೆ ಕೊರಲೆಗಿಂತ ಒಳ್ಳೆ ಸಾಕ್ಷಿ ಬೇಡ. ಸಂಗನಕಲ್ಲಿನ ಕಾಲದಲ್ಲಿ ಮುಖ್ಯ ಆಹಾರವಾಗಿದ್ದ ಈ ಧಾನ್ಯ ನಾವು ಹುಟ್ಟುವ ಹೊತ್ತಿಗೆ ಹೆಚ್ಚಿನವರು ಹೆಸರೂ ಕೇಳದ ಬೆಳೆಯಾಗಿತ್ತು. 1915ರಲ್ಲಿ ಭಾರತದಿಂದ ಅಮೆರಿಕಕ್ಕೆ ಹೋದ ಕೊರಲೆಯನ್ನು ಅಲ್ಲಿ ಬೇಟೆಯ ಹಕ್ಕಿಗಳಿಗೆ ಮೇವಾಗಿ ಬೆಳೆದರು. ಇಲ್ಲಿ ಅದು ತುಮಕೂರು, ಚಿತ್ರದುರ್ಗದ ಒಣ ಮೂಲೆಗಳಿಗೆ ಸರಿಯಿತು. ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ, ಹುಣಸೆ ಮರದ ನೆರಳಲ್ಲೂ ಬೆಳೆಯುತ್ತದೆ ಅನ್ನುವ ಕಾರಣಕ್ಕೆ ಕೆಲವು ಮನೆಗಳು ಬಿಡದೆ ಬಿತ್ತುತ್ತಿದ್ದವು. ಅವರಿಗೆ ಪ್ರಶಸ್ತಿಯ ಆಸೆ ಇರಲಿಲ್ಲ, ಮಾರುಕಟ್ಟೆಯೂ ಇರಲಿಲ್ಲ. ಆಮೇಲೆ ಸಿರಿಧಾನ್ಯದ ಗಾಳಿ ಬೀಸಿತು, 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಬೆಂಗಳೂರಿನವರು ಕೊರಲೆ ಅಕ್ಕಿ ಕೇಳತೊಡಗಿದಾಗ ಕೊಡಲು ಬೀಜ ಇತ್ತು, ಆ ಕೆಲವು ಮನೆಗಳು ನಿಲ್ಲಿಸಿರಲಿಲ್ಲವಾದ್ದರಿಂದ.

ನಾರ್ವೆಯ ಹಿಮದ ಗುಡ್ಡದೊಳಗೆ 2008ರಲ್ಲಿ ತೆರೆದ ಸ್ವಾಲ್‌ಬಾರ್ಡ್ ಬೀಜಕೋಠಿ ಇದೆಯಲ್ಲ, ಸಾಕಲ್ಲವಾ ಅಂತ ಕೇಳಬಹುದು. ಸಿರಿಯಾದ ಯುದ್ಧದಲ್ಲಿ ಅಲೆಪ್ಪೊ ಬಳಿಯ ಬೀಜ ಬ್ಯಾಂಕ್ ಕೈತಪ್ಪಿದಾಗ, 2015ರಲ್ಲಿ ಅಲ್ಲಿಂದ ಮೊದಲ ಸಲ ಬೀಜ ಹೊರತೆಗೆದರು. ತೆಗೆದು ಮಾಡಿದ್ದೇನು? ಲೆಬನಾನ್, ಮೊರಾಕ್ಕೊ ಹೊಲಗಳಲ್ಲಿ ಬಿತ್ತಿ, ಹೊಸ ಬೀಜ ಮಾಡಿ, ಒಂದು ಪಾಲನ್ನು ಮತ್ತೆ ಒಳಗಿಟ್ಟರು. ಎಂಥ ತಣ್ಣನೆಯ ಗುಹೆಯಲ್ಲಿಟ್ಟರೂ ಬೀಜಕ್ಕೆ ಒಂದಲ್ಲ ಒಂದು ದಿನ ಮಣ್ಣು ಬೇಕು.

ಬಾಲ್ಕನಿಯ ನಾಲ್ಕು ಕುಂಡದಿಂದ ಚಿತ್ರದುರ್ಗದ ಬೇಸಾಯ ಬದಲಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಮಂಜಾದ ಆ ಕಣ್ಣನ್ನು ತಿದ್ದಿಕೊಳ್ಳಲು ನಾಲ್ಕು ಕುಂಡ ಸಾಕು. ಎಫ್-1 ಅಲ್ಲದ ಒಂದೇ ಒಂದು ಬೀಜ ಆರಿಸಿಕೊಳ್ಳಿ. ಅಲಸಂದೆ, ಟೊಮೆಟೊ ಸುಲಭ, ಹೆಚ್ಚಾಗಿ ತಾಯಿಯಂತೆಯೇ ಬರುತ್ತವೆ. ಬದನೆ, ಮೆಣಸಿನಕಾಯಿಯಾದರೆ ಒಂದೇ ತಳಿ ಬೆಳೆಯಿರಿ, ಜೇನು ಬೆರಕೆ ಮಾಡಿಬಿಡುತ್ತದೆ. ಕುಂಬಳ, ಸೌತೆ ಇನ್ನೂ ಪರರ ಪರಾಗಕ್ಕೆ ಮರುಳಾಗುವಂಥವು, ಅವನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಚೆನ್ನಾಗಿ ಬಂದ ಗಿಡಕ್ಕೆ ದಾರ ಕಟ್ಟಿ. ಅದರ ಒಳ್ಳೆಯ ಕಾಯನ್ನು ಕೊಯ್ಯಬೇಡಿ. ಕಷ್ಟ ಇರುವುದು ಇಲ್ಲೇ, ಕೈ ಸುಮ್ಮನಿರುವುದಿಲ್ಲ. ಬದನೆ ಹಳದಿಯಾಗಲಿ, ಅಲಸಂದೆ ಗಿಡದಲ್ಲೇ ಒಣಗಲಿ. ಟೊಮೆಟೊ ಬೀಜವನ್ನು ತಿರುಳಿನ ಸಮೇತ ಎರಡು ದಿನ ಲೋಟದಲ್ಲಿ ಹುಳಿಯಲು ಬಿಟ್ಟು, ಲೋಳೆ ತೊಳೆದು, ನೆರಳಲ್ಲಿ ಒಣಗಿಸಿ. ಕಾಗದದ ಪೊಟ್ಟಣಕ್ಕೆ ಹಾಕಿ, ಹೆಸರು, ತಿಂಗಳು, ವರ್ಷ ಬರೆಯಿರಿ. ಸಗಣಿಯ ಗೋಡೆ ಇಲ್ಲದಿದ್ದರೆ ಬಿಗಿ ಮುಚ್ಚಳದ ಡಬ್ಬಿ, ಫ್ರಿಡ್ಜ್ ಇದೆ. ಮುಂದಿನ ವರ್ಷ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿ ಎಣಿಸಿ. ಏಳೆಂಟು ಮೊಳೆತರೆ ಬೀಜ ಗಟ್ಟಿ. ಬೀಜದ ದಪ್ಪದ ಎರಡರಷ್ಟು ಆಳಕ್ಕೆ ಹಾಕಿ.

ಉಳಿದದ್ದನ್ನು ಪಕ್ಕದ ಫ್ಲಾಟಿನವರಿಗೆ ಕೊಡಿ, ದುಡ್ಡು ತಗೋಬೇಡಿ. ಅವರು ಮುಂದಿನ ಸಲ ಒಂದೂವರೆ ಪಟ್ಟು ವಾಪಸ್ ಕೊಡಲಿ. ನಿಮ್ಮ ಗಿಡ ಆ ವರ್ಷ ಸತ್ತರೆ, ಬೀಜ ಇರುವ ಮನೆ ಒಂದಾದರೂ ಪಕ್ಕದಲ್ಲೇ ಇರುತ್ತದೆ.